ಕೊಳೆಯದ ಬೊಡ್ಡೆಗಳ ಕಾಡಿನಲ್ಲಿ

ತೈವಾನಿನ ಜಿಯಾಯಿ ನಗರದಲ್ಲಿ ಮರಗೆಲಸದ ಅಂಗಡಿಗಳು ಎಲ್ಲಿವೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಬೇಮೆನ್ ಎಂಬ ಹಳೆಯ ರೈಲು ನಿಲ್ದಾಣದ ಕಡೆಗೆ ನಡೆಯುತ್ತ ಹೋದರೆ ಗಾಳಿಯೇ ದಾರಿ ತೋರಿಸುತ್ತದೆ. ಮೊದಲು ನಿಂಬೆಯ ಸಿಪ್ಪೆ ಚಿವುಟಿದಾಗ ಬರುವಂಥ ಚುರುಕು ವಾಸನೆ. ಇನ್ನೂ ಹತ್ತಿರ ಹೋದರೆ ಅದರ ಅಡಿಯಲ್ಲಿ ಬೇರೊಂದು ಪರಿಮಳ: ನಿಧಾನದ್ದು, ಸ್ವಲ್ಪ ಖಾರದ್ದು, ಮೂಗಿಗಿಂತ ಗಂಟಲಿಗೆ ಹೆಚ್ಚು ತಾಗುವಂಥದ್ದು. ಅಂಗಡಿಯೊಂದರ ಮುಂದೆ ಬುಟ್ಟಿಗಳಲ್ಲಿ ಹತ್ತರಿಯ ಸುರುಳಿಗಳನ್ನು ತುಂಬಿಟ್ಟಿದ್ದರು. ಜನ ಅವನ್ನು ಕೊಂಡು ಹೋಗಿ ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕಿಡುತ್ತಾರಂತೆ.

ಶಿಂಚುವಿನ ಚಿಪ್ ಕಂಪನಿಯಲ್ಲಿ ಎಂಜಿನಿಯರ್ ಆಗಿರುವ ನನ್ನ ಅಕ್ಕನ ಮಗ ಜೊತೆಗಿದ್ದ. ಅವನಿಗೆ ಚೀನೀ ಭಾಷೆ ಸಾಕಷ್ಟು ಬರುತ್ತದೆ. ಅಂಗಡಿಯ ಯಜಮಾನಿ ವಯಸ್ಸಾದವರು. ನಾವು ಏನನ್ನೂ ಕೊಳ್ಳದೆ ಬರೀ ಮೂಸುತ್ತ ನಿಂತಿದ್ದರೂ ಬೇಸರಪಟ್ಟುಕೊಳ್ಳಲಿಲ್ಲ. ಒಳಗಿನಿಂದ ಐದು ಮರದ ತುಂಡುಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು.

“ಮಾವ, ಈ ಐದೂ ಇಲ್ಲಿಯ ಬೆಲೆಬಾಳುವ ಮರಗಳಂತೆ. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಮೂಸಿ ನೋಡಿ ಅಂತಿದ್ದಾರೆ,” ಎಂದ ಅಳಿಯ.

ತೈವಾನಿನವರು ಐದು ಮರಗಳನ್ನು ಒಂದು ಗುಂಪಾಗಿ ಎಣಿಸಿ ಗೌರವಿಸುತ್ತಾರೆ. ಕೆಂಪು ಸೈಪ್ರೆಸ್, ಹಳದಿ ಸೈಪ್ರೆಸ್ ಎಂದು ಕರೆಯುವ ತೈವಾನ್ ಹಿನೋಕಿ, ತೈವಾನಿಯಾ, ಕನ್ನಿಂಗ್‌ಹ್ಯಾಮಿಯಾ, ಕ್ಯಾಲೊಸೀಡ್ರಸ್. ಈ ಎಣಿಕೆ ಬಡಗಿಗಳದ್ದು, ಸಸ್ಯಶಾಸ್ತ್ರಜ್ಞರದ್ದಲ್ಲ. ಆದರೂ ಇಂದಿನ ವರ್ಗೀಕರಣದಲ್ಲಿ ಈ ಐದೂ ಸೇರುವುದು ಒಂದೇ ಸೈಪ್ರೆಸ್ ಕುಟುಂಬಕ್ಕೆ. ಬೆಂಗಳೂರು, ಮೈಸೂರಿನ ಮನೆಗಳ ಗೇಟಿನ ಪಕ್ಕದಲ್ಲಿ ನೆಟ್ಟಿರುವ ಥೂಜಾ ಈ ಕುಟುಂಬದ್ದೇ. ಲಡಾಖಿನ ಗೊಂಪಾಗಳಲ್ಲಿ ಧೂಪಕ್ಕೆ ಸುಡುವ ಶುಕ್ಪಾ ಎಂಬ ಜೂನಿಪರ್ ಕೂಡ ಇದರದ್ದೇ. ಕ್ಯಾಲಿಫೋರ್ನಿಯಾದ ದೈತ್ಯ ರೆಡ್‌ವುಡ್ಡುಗಳೂ ಇಲ್ಲಿಯವೇ. ಹಿಮಾಲಯದ ದೇವದಾರು ಮಾತ್ರ ಈ ಮನೆತನಕ್ಕೆ ಸೇರುವುದಿಲ್ಲ, ಅದು ಪೈನ್ ಕುಟುಂಬದ್ದು. ಅಮೆರಿಕದಿಂದ ಬರುವ ‘ಸೀಡರ್‌ವುಡ್’ ಎಣ್ಣೆಯ ಸೀಸೆಯಲ್ಲಿ ಸಾಮಾನ್ಯವಾಗಿ ಇರುವುದು ಜೂನಿಪರಿನ ಎಣ್ಣೆ. ಪರಿಮಳದ ವ್ಯಾಪಾರದಲ್ಲಿ ಹೆಸರುಗಳನ್ನು ನಂಬಿ ಕೊಳ್ಳುವಂತಿಲ್ಲ.

ಕಣ್ಣು ಮುಚ್ಚಿ ಮೂಸಿದೆ. ಕೆಂಪು ಸೈಪ್ರೆಸ್ ಮೃದು, ಹಳದಿಯದು ಚುರುಕು. ಮಿಕ್ಕ ಮೂರಕ್ಕೂ ಅವುಗಳದ್ದೇ ಗುಣವಿತ್ತು. ಐದರಲ್ಲೂ ಮೊದಲು ಚುರುಕು, ಆಮೇಲೆ ಗಾಢವಾದ ವಾಸನೆ ಬರುವ ಆ ಕ್ರಮ ಮಾತ್ರ ಒಂದೇ. ಇದಕ್ಕೆ ಕಾರಣ ಸರಳವಾಗಿದೆ. ಮರ ತನ್ನ ಸುಗಂಧವನ್ನು ಕಟ್ಟುವುದು ಐದು ಕಾರ್ಬನ್ ಪರಮಾಣುಗಳ ಒಂದು ಸಣ್ಣ ತುಣುಕಿನಿಂದ. ಅಂಥ ಎರಡು ತುಣುಕು ಸೇರಿದರೆ ಹತ್ತು ಕಾರ್ಬನ್ನಿನ ಮಾನೊಟರ್ಪೀನುಗಳಾಗುತ್ತವೆ. ಪೈನೀನ್, ಲಿಮೊನೀನ್, ಸಬಿನೀನ್ ಎಂಬ ಇವು ಹಗುರ, ತಟ್ಟನೆ ಗಾಳಿಗೆ ಏರುತ್ತವೆ. ಮೂರು ತುಣುಕು ಸೇರಿದರೆ ಹದಿನೈದು ಕಾರ್ಬನ್ನಿನ ಸೆಸ್ಕ್ವಿಟರ್ಪೀನುಗಳು. ಕ್ಯಾಡಿನಾಲ್, ಸೀಡ್ರಾಲ್, ಥೂಜಾಪ್ಸೀನ್ ಎಂಬ ಇವು ಭಾರ, ನಿಧಾನವಾಗಿ ಏಳುತ್ತವೆ, ಒಮ್ಮೆ ಅಂಟಿದರೆ ಬೇಗ ಬಿಡುವುದಿಲ್ಲ. ನಮ್ಮ ಗಂಧದ ಎಣ್ಣೆಯ ಜೀವಾಳವಾದ ಸ್ಯಾಂಟಲಾಲ್ ಕೂಡ ಹದಿನೈದು ಕಾರ್ಬನ್ನಿನ ಜಾತಿಯದ್ದೇ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಗಂಧದ ತುಂಡು ಮೊಮ್ಮಕ್ಕಳ ಕಾಲಕ್ಕೂ ಕಂಪು ಬಿಡುವುದು ಇದರಿಂದಲೇ.

ಆದರೆ ನಾನು ಅಷ್ಟು ದೂರ ಹೋದದ್ದು ಪೈನೀನನ್ನೂ ಕ್ಯಾಡಿನಾಲನ್ನೂ ಮೂಸಲಿಕ್ಕಲ್ಲ. ಆ ಹಳದಿ ಸೈಪ್ರೆಸ್ಸಿನ ಚೇಗಿನಲ್ಲಿ ಇನ್ನೊಂದು ವಸ್ತುವಿದೆ. ರಸಾಯನಶಾಸ್ತ್ರದ ಪಠ್ಯವನ್ನೇ ತಿದ್ದಿಸಿದ ವಸ್ತು ಅದು. ಅದು ಬೆಳೆದ ಬೆಟ್ಟವನ್ನು ನೋಡಬೇಕೆಂದು ಕಾಲೇಜಿನ ದಿನಗಳಿಂದ ಆಸೆಯಿತ್ತು.

ಅಲಿಶಾನ್ ಬೆಟ್ಟಕ್ಕೆ ಹೋಗುವ ಪುಟ್ಟ ರೈಲು ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ, ಮರ ಸಾಗಿಸುವುದಕ್ಕೆ ಹುಟ್ಟಿದ್ದು. 1895ರಲ್ಲಿ ತೈವಾನ್ ಜಪಾನಿನ ಕೈಗೆ ಬಂದಮೇಲೆ ಬೆಟ್ಟದ ಮೇಲಿನ ಸೈಪ್ರೆಸ್ ಕಾಡು ಅಧಿಕಾರಿಗಳ ಕಣ್ಣಿಗೆ ಬಿತ್ತು. ಖಾಸಗಿ ಕಂಪನಿಯೊಂದು ಹಳಿ ಹಾಕಲು ಆರಂಭಿಸಿ ಕೈಬಿಟ್ಟಿತು, ಸರ್ಕಾರವೇ ಅದನ್ನು ಮುಂದುವರಿಸಿತು, 1912ರ ಕೊನೆಗೆ ರೈಲು ಮೇಲಿನ ಕಾಡನ್ನು ಮುಟ್ಟಿತು. ಸಮುದ್ರಮಟ್ಟದಿಂದ 30 ಮೀಟರ್ ಎತ್ತರದ ಜಿಯಾಯಿಯಿಂದ 2,200 ಮೀಟರಿಗೂ ಮೇಲಕ್ಕೆ 71 ಕಿಲೋಮೀಟರಿನ ಹಾದಿ. ಹಳಿಗಳ ನಡುವಿನ ಅಂತರ 762 ಮಿಲಿಮೀಟರ್. ದಿಮ್ಮಿಗಳನ್ನು ಎಳೆಯಲು ಅಮೆರಿಕದ ಓಹಾಯೊ ರಾಜ್ಯದಿಂದ ಶೇ ಎಂಬ ಜಾತಿಯ ಉಗಿ ಎಂಜಿನುಗಳನ್ನು ತರಿಸಿದರು. ಬೆಟ್ಟದಿಂದಿಳಿದ ದಿಮ್ಮಿಗಳು ಬೇಮೆನ್ ಬಳಿಯ ಕೆರೆಯಲ್ಲಿ ತೇಲುತ್ತ ಸಾಮಿಲ್ಲಿನ ಸರದಿಗೆ ಕಾಯುತ್ತಿದ್ದವು. 1914ರಲ್ಲಿ ಅಲ್ಲಿ ಭಾರಿ ಸಾಮಿಲ್ಲು ಎದ್ದಿತು. ಆ ಕಾಲದ ನೌಕರರಿಗೆ ಕಟ್ಟಿಸಿದ ಮರದ ಮನೆಗಳನ್ನು ಈಗ ರಿಪೇರಿ ಮಾಡಿ ‘ಹಿನೋಕಿ ಹಳ್ಳಿ’ ಎಂದು ಹೆಸರಿಟ್ಟಿದ್ದಾರೆ. ಮಳೆ ಬಂದು ನಿಂತ ಹೊತ್ತಿನಲ್ಲಿ ಆ ಮನೆಗಳ ಜಗುಲಿಯಲ್ಲಿ ಕೂತರೆ ಹಲಗೆಗಳಿಂದ ಕಂಪು ಏಳುತ್ತದೆ.

2009ರ ಮೊರಾಕೋಟ್ ಚಂಡಮಾರುತ ಈ ಹಾದಿಯನ್ನು ಹಲವೆಡೆ ಕೊಚ್ಚಿಹಾಕಿತು. ಕೆಳಗಿನಿಂದ ಮೇಲಿನವರೆಗೆ ರೈಲು ಮತ್ತೆ ಓಡಿದ್ದು 2024ರ ಜುಲೈಯಲ್ಲಿ. ಮತ್ತೆ ಶುರುವಾದ ರೈಲಿನಲ್ಲಿ ಟಿಕೆಟ್ ಸಿಗುವುದು ಕಷ್ಟವಾಗಿತ್ತು. ಅಳಿಯ ಮೊಬೈಲಿನಲ್ಲಿ ಹೇಗೋ ಗಿಟ್ಟಿಸಿದ್ದ.

ಹಾದಿ ಏರುತ್ತ ಹೋದಂತೆ ಕಿಟಕಿಯಾಚೆ ಕಾಡು ಬದಲಾಗುತ್ತದೆ. ಮೊದಮೊದಲು ಅಡಕೆ ತೋಟ, ಬಾಳೆ, ಬಿದಿರು. ನಮ್ಮ ತೀರ್ಥಹಳ್ಳಿ ಕಡೆಯ ಯಾವುದೋ ಘಟ್ಟ ಹತ್ತುತ್ತಿದ್ದೇನೆಂದು ಭ್ರಮೆಯಾಗುವಷ್ಟು ಪರಿಚಿತ ಹಸಿರು. ಆಮೇಲೆ ದೂಲಿಶಾನ್ ಎಂಬ ಗುಡ್ಡ ಬರುತ್ತದೆ. ನೇರ ಏರಲಾಗದ ರೈಲು ಅದನ್ನು ಸುತ್ತಿ ಸುತ್ತಿ ಮೇಲೇರುತ್ತದೆ, ಸ್ವಲ್ಪ ಮೊದಲು ಬಿಟ್ಟುಬಂದ ಹಳಿಯೇ ಕೆಳಗೆ ಕಾಣುತ್ತದೆ. 1,400 ಮೀಟರ್ ಎತ್ತರದ ಫೆನ್‌ಚಿಹು ನಿಲ್ದಾಣದಲ್ಲಿ ಬುತ್ತಿ ಡಬ್ಬಿಗಳ ಭರಾಟೆ. ಹಿಂದೆ ಎಂಜಿನಿಗೆ ನೀರು, ಕಲ್ಲಿದ್ದಲು ತುಂಬಿಸಲು ರೈಲು ಅಲ್ಲಿ ನಿಲ್ಲುತ್ತಿದ್ದಾಗ ಶುರುವಾದ ರೂಢಿ ಇದು. ಮಾಂಸವಿಲ್ಲದ ಬುತ್ತಿಯೂ ಸಿಕ್ಕಿತು. ಅಲ್ಲಿಂದ ಮುಂದೆ ಮಂಜು. ಮಂಜಿನೊಳಗೆ ನೆಟ್ಟಗೆ ನಿಂತ ಕಪ್ಪು ಕಾಂಡಗಳ ಸಾಲುಗಳು.

ಈ ಸಾಲುಗಳು ಹಳೆಯ ಕಾಡಲ್ಲ. ಸೈಪ್ರೆಸ್ ಕಡಿದ ಜಾಗದಲ್ಲಿ ಜಪಾನೀಯರು ತಮ್ಮ ನಾಡಿನಿಂದ ತಂದು ನೆಟ್ಟ ಕ್ರಿಪ್ಟೊಮೀರಿಯಾ ತೋಪುಗಳು ಇವು. ಅದೂ ಸೈಪ್ರೆಸ್ ಕುಟುಂಬದ ಮರವೇ. ಒಂದೇ ವಯಸ್ಸು, ಒಂದೇ ದಪ್ಪ, ನೋಡಲು ಚೆಂದ. ಪ್ರವಾಸಿಗರು ಇವುಗಳ ನಡುವೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಿಜವಾಗಿ ನೋಡಬೇಕಾದದ್ದು ಅವುಗಳ ಬುಡದಲ್ಲಿದೆ.

ಜಾವ್‌ಪಿಂಗ್ ನಿಲ್ದಾಣದಿಂದ ಹಲಗೆ ಹಾಸಿದ ದಾರಿಯಲ್ಲಿ ಇಳಿಯುತ್ತಿದ್ದಂತೆ ಎರಡೂ ಬದಿಯಲ್ಲಿ ಬೊಡ್ಡೆಗಳು ಕಾಣತೊಡಗಿದವು. ಅಂಥ ಬೊಡ್ಡೆಗಳನ್ನು ನಾನು ಎಲ್ಲೂ ಕಂಡಿರಲಿಲ್ಲ. ಹಳ್ಳಿಮನೆಯ ಒಂದು ಕೋಣೆಯಷ್ಟು ಅಗಲ, ಎದೆಯೆತ್ತರ, ಮೇಲೆಲ್ಲ ದಪ್ಪ ಪಾಚಿ, ಜರೀಗಿಡ. ಈ ಬೆಟ್ಟದಲ್ಲಿ ಕೊಡಲಿಯ ಕೆಲಸ ಶುರುವಾಗಿ ನೂರಕ್ಕೂ ಹೆಚ್ಚು ವರ್ಷಗಳಾದವು. ವರ್ಷದ ಬಹುಪಾಲು ಮಂಜು, ಮಳೆ, ಒದ್ದೆ ಮಣ್ಣು. ಮಲೆನಾಡಿನಲ್ಲಿ ಅಂಥ ಜಾಗದಲ್ಲಿ ಬಿದ್ದ ಮರವನ್ನು ಅಣಬೆಯೂ ಗೆದ್ದಲೂ ಸೇರಿ ಕೆಲವು ಮಳೆಗಾಲದಲ್ಲಿ ಮುಗಿಸಿಬಿಡುತ್ತವೆ. ಇಲ್ಲಿ ಪಾಚಿ ಇಲ್ಲದ ಒಂದು ಕಡೆ ಬೆರಳ ಗಂಟಿನಿಂದ ಬಡಿದು ನೋಡಿದೆ. ಗಟ್ಟಿ ಮರದ ಸದ್ದು ಬಂತು.

ಆ ಬೊಡ್ಡೆಗಳ ಮೇಲೆಯೇ ಹೊಸ ಸೈಪ್ರೆಸ್ ಸಸಿಗಳು ಬೇರುಬಿಟ್ಟಿವೆ. ನೆಲದಲ್ಲಿ ದಟ್ಟ ಪೊದೆ, ಬಿದಿರುಹುಲ್ಲು ಬೆಳೆಯುವುದರಿಂದ ಸಣ್ಣ ಬೀಜಕ್ಕೆ ಬೆಳಕು ಸಿಗುವುದಿಲ್ಲ. ಕೊಳೆಯದೆ ಎತ್ತರದಲ್ಲಿ ನಿಂತ ಬೊಡ್ಡೆಯ ಮೇಲಿನ ಪಾಚಿ ಅದಕ್ಕೆ ಒಳ್ಳೆಯ ಪಾತಿ. ಒಂದು ಕಡೆ ಮೂರು ತಲೆಮಾರು ಒಂದರ ಮೇಲೊಂದು ನಿಂತಿದೆ. ಅಡಿಯಲ್ಲಿ ಮಲಗಿದ ಅಜ್ಜಮರ, ಅದರ ಮೇಲೆ ಬೆಳೆದು ತಾನೂ ಟೊಳ್ಳಾದ ಮರ, ಅದರ ಮೇಲೆ ಹಸಿರಾಗಿರುವ ಮೂರನೆಯದು. ಜನ ಅದಕ್ಕೆ ಕೈಮುಗಿದು ಮುಂದೆ ಹೋಗುತ್ತಿದ್ದರು.

ಮರ ಕೊಳೆಯದಿರಲು ಕಾರಣ ಅದರ ಚೇಗು. ಬೆಳೆಯುವ ಮರದ ಹೊರಗಿನ ಬಿಳಿ ಭಾಗದಲ್ಲಿ ನೀರು ಹರಿಯುತ್ತದೆ, ಜೀವಕೋಶಗಳಿರುತ್ತವೆ. ವರ್ಷ ಕಳೆದಂತೆ ಒಳಭಾಗದ ಕೋಶಗಳು ಸಾಯುತ್ತ ಬರುತ್ತವೆ. ಸಾಯುವ ಮೊದಲು ತಮ್ಮಲ್ಲಿದ್ದ ಸಕ್ಕರೆ, ಪಿಷ್ಟವನ್ನೆಲ್ಲ ಖರ್ಚುಮಾಡಿ ಎಣ್ಣೆಗಳನ್ನೂ ಫೀನಾಲುಗಳನ್ನೂ ತಯಾರಿಸಿ ಸುತ್ತಲಿನ ಮರಕ್ಕೆ ತುಂಬುತ್ತವೆ. ಚೇಗು ಅಂದರೆ ಹೀಗೆ ಔಷಧಿ ತುಂಬಿಸಿದ ಸತ್ತ ಭಾಗ. ಸತ್ತ ಭಾಗಕ್ಕೆ ರೋಗ ಬಂದರೆ ಮರಕ್ಕೆ ಎದುರಿಸಲು ಇನ್ನು ಜೀವಕೋಶಗಳಿಲ್ಲ. ಹಾಗಾಗಿ ಮುಂದೆ ಸಾವಿರಾರು ವರ್ಷಕ್ಕೆ ಬೇಕಾದ ರಕ್ಷಣೆಯನ್ನು ಅದು ಮೊದಲೇ ಇಟ್ಟುಹೋಗಬೇಕು. ನಾವು ಸುಗಂಧ ಎಂದು ಕರೆಯುವುದು ಅಣಬೆಯ ಪಾಲಿಗೆ ವಿಷ. ಮನುಷ್ಯನ ಮೂಗಿಗೆ ಅದು ಹಿತವಾದದ್ದು ಆಕಸ್ಮಿಕ. ಆ ಆಕಸ್ಮಿಕವೇ ಮರಕ್ಕೆ ಮುಳುವಾಯಿತು. ಕೊಳೆಯದ ಮರ ಎಂದರೆ ದೇವಾಲಯಕ್ಕೆ ಬೇಕು, ಅರಮನೆಗೆ ಬೇಕು, ಹಡಗಿಗೆ ಬೇಕು. ಟೋಕಿಯೋದ ಮೇಜಿ ದೇವಾಲಯಕ್ಕೆ 1920ರಲ್ಲಿ ನಿಲ್ಲಿಸಿದ ಮಹಾದ್ವಾರದ ಮರ ಈ ಅಲಿಶಾನಿನದ್ದು. 1966ರಲ್ಲಿ ಅದಕ್ಕೆ ಸಿಡಿಲು ಬಡಿಯಿತು. ಅಷ್ಟು ದೊಡ್ಡ ಮರ ಜಪಾನಿನಲ್ಲಿ ಸಿಗದೆ ಮತ್ತೆ ತೈವಾನಿನದ್ದೇ ಇನ್ನೊಂದು ಬೆಟ್ಟದಿಂದ 1,500 ವರ್ಷ ವಯಸ್ಸಿನ ಸೈಪ್ರೆಸ್ ತಂದು 1975ರಲ್ಲಿ ಹೊಸ ದ್ವಾರ ಕಟ್ಟಿದರು. ಈಗ ಅಲ್ಲಿ ನಿಂತಿರುವುದು ಅದೇ.

ಅಲಿಶಾನಿನಲ್ಲಿ ಇಂದು ‘ದೈತ್ಯ ಮರಗಳ ಹಾದಿ’ ಎಂದು ತೋರಿಸುವ ಕೆಂಪು ಸೈಪ್ರೆಸ್ಸುಗಳು ಹೇಗೆ ಉಳಿದವು ಎಂದು ಕೇಳಿದರೆ ಸಿಗುವ ಉತ್ತರ ಮನಸ್ಸನ್ನು ಕಲಕುತ್ತದೆ. ಅವುಗಳಲ್ಲಿ ಬಹಳಷ್ಟು ಒಳಗೆ ಟೊಳ್ಳು, ಇಲ್ಲವೇ ಡೊಂಕು. ಹಲಗೆಗೆ ಬರುವುದಿಲ್ಲವೆಂದು ಬಿಟ್ಟುಹೋದ ಮರಗಳು. ಸೊಟ್ಟಗಿದ್ದದ್ದಕ್ಕೆ ಬದುಕಿದವು. ಅವುಗಳ ಕೆಳಗೆ ನಿಂತು ಮೇಲೆ ನೋಡಿದರೆ ತುದಿ ಮಂಜಿನಲ್ಲಿ ಕಾಣುವುದಿಲ್ಲ. ನೆಟ್ಟಗೆ ಬೆಳೆದವುಗಳು ಹೇಗಿದ್ದಿರಬೇಕು ಎಂದು ಬೊಡ್ಡೆಗಳನ್ನು ನೋಡಿಯೇ ಊಹಿಸಬೇಕು.

ಈ ಬೆಟ್ಟದ ಹಳೆಯ ‘ದೈವಮರ’ಕ್ಕೆ ಮೂರು ಸಾವಿರ ವರ್ಷವೆಂದು ಅಂದಾಜಿತ್ತು. 1956ರಲ್ಲಿ ಅದಕ್ಕೆ ಸಿಡಿಲು ಬಡಿಯಿತು. 1997ರ ಜುಲೈಯಲ್ಲಿ ಭಾರಿ ಮಳೆಗೆ ಅರ್ಧ ಸೀಳಿ ಬಿತ್ತು, ಮರುವರ್ಷ ಉಳಿದರ್ಧವನ್ನು ಅಪಾಯವೆಂದು ಕೆಡವಿ ಹಳಿಯ ಪಕ್ಕದಲ್ಲೇ ಮಲಗಿಸಿದರು. ಅದು ಈಗಲೂ ಅಲ್ಲೇ ಇದೆ. ಸ್ವಲ್ಪ ದೂರದಲ್ಲಿ 1935ರಲ್ಲಿ ಕಟ್ಟಿದ ಕಲ್ಲಿನ ಸ್ತಂಭವಿದೆ. ಕಡಿದ ಮರಗಳ ಆತ್ಮಗಳಿಗೆ ಶಾಂತಿ ಕೋರಿ, ಕಡಿಸಿದವರೇ ಕಟ್ಟಿಸಿದ ಸ್ತಂಭ ಅದು. ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ಕಡಿಯುವ ಕೈಗೂ ಅಳುಕಿತ್ತು ಎಂಬುದಕ್ಕೆ ಅದು ಸಾಕ್ಷಿ. ಆದರೆ ಸ್ತಂಭ ಕಟ್ಟಿದ ಮೇಲೂ ಕಡಿಯುವುದು ನಿಲ್ಲಲಿಲ್ಲ. 1945ರಲ್ಲಿ ಆಡಳಿತ ಬದಲಾದ ಮೇಲೂ ನಿಲ್ಲಲಿಲ್ಲ. ನೈಸರ್ಗಿಕ ಕಾಡನ್ನು ಕಡಿಯಬಾರದೆಂದು ತೈವಾನ್ ಸರ್ಕಾರ ಆಜ್ಞೆ ಹೊರಡಿಸಿದ್ದು 1991ರಲ್ಲಿ.

ಈಗ ಹಳದಿ ಸೈಪ್ರೆಸ್ಸಿನ ಚೇಗಿನಲ್ಲಿರುವ ಆ ವಸ್ತುವಿನ ಕಥೆ. 1926ರಲ್ಲಿ ತೆತ್ಸುವೋ ನೊಜೊಯೆ ಎಂಬ ಇಪ್ಪತ್ತನಾಲ್ಕು ವರ್ಷದ ರಸಾಯನಶಾಸ್ತ್ರಜ್ಞ ಜಪಾನಿನ ಸೆಂಡೈ ಊರಿನಿಂದ ತೈವಾನಿಗೆ ಹಡಗು ಹತ್ತಿದ. ಅವನಿಗೆ ಕೆಲಸ ಸಿಕ್ಕದ್ದು ಕರ್ಪೂರ ಸಂಬಂಧದ ಇಲಾಖೆಯಲ್ಲಿ. ತೈವಾನಿನ ಕರ್ಪೂರ ಮರಗಳು ಆಗ ಸರ್ಕಾರದ ಏಕಸ್ವಾಮ್ಯ, ಜಗತ್ತಿನ ಕರ್ಪೂರದ ಬಹುಪಾಲು ಇಲ್ಲಿಂದಲೇ ಹೋಗುತ್ತಿತ್ತು. (ನಮ್ಮ ಮಂಗಳಾರತಿಯ ಇಂದಿನ ಕರ್ಪೂರ ಹೆಚ್ಚಾಗಿ ಕರ್ಪೂರ ಮರದ್ದಲ್ಲ, ಪೈನ್ ಮರದ ಟರ್ಪೆಂಟೈನಿನಲ್ಲಿರುವ ಪೈನೀನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು.) ಕೆಲ ವರ್ಷಗಳಲ್ಲಿ ನೊಜೊಯೆ ತೈಪೆಯ ಹೊಸ ವಿಶ್ವವಿದ್ಯಾಲಯ ಸೇರಿ ತೈವಾನ್ ಹಿನೋಕಿಯ ಎಣ್ಣೆಯನ್ನು ಕೈಗೆತ್ತಿಕೊಂಡ.

ಆ ಎಣ್ಣೆಯಿಂದ ಹಿಂದೆ ಒಬ್ಬರು ಗಾಢ ಕೆಂಪು ಹರಳುಗಳನ್ನು ಬೇರ್ಪಡಿಸಿದ್ದರು. ಮರದಲ್ಲಿರುವ ಬಣ್ಣ ಇದು ಎಂದೇ ನಂಬಿಕೆಯಾಗಿತ್ತು. ನೊಜೊಯೆ ಬಿಡಿಸಿ ನೋಡಿದಾಗ ಕೆಂಪಿನೊಳಗೆ ಕಬ್ಬಿಣ ಸಿಕ್ಕಿತು. ಕಬ್ಬಿಣವನ್ನು ತೆಗೆದರೆ ಉಳಿಯುವುದು ಬಣ್ಣವಿಲ್ಲದ ಒಂದು ವಸ್ತು: ಹತ್ತು ಕಾರ್ಬನ್, ಹನ್ನೆರಡು ಹೈಡ್ರೋಜನ್, ಎರಡು ಆಕ್ಸಿಜನ್. 1936ರಲ್ಲಿ ಅವನು ಅದನ್ನು ಪ್ರಕಟಿಸಿ ಹಿನೋಕಿಟಿಯಾಲ್ ಎಂದು ಹೆಸರಿಟ್ಟ. ಅದರ ಎರಡು ಆಕ್ಸಿಜನ್ನುಗಳು ಅಕ್ಕಪಕ್ಕ ನಿಂತು ಲೋಹದ ಪರಮಾಣುವನ್ನು ಇಕ್ಕಳದಂತೆ ಹಿಡಿಯುತ್ತವೆ. ಒಂದು ಕಬ್ಬಿಣಕ್ಕೆ ಮೂರು ಹಿನೋಕಿಟಿಯಾಲ್ ಸುತ್ತುವರಿದರೆ ಆ ಕೆಂಪು ಹರಳು. ಅಣಬೆಗೂ ಬ್ಯಾಕ್ಟೀರಿಯಾಕ್ಕೂ ಬದುಕಲು ಕಬ್ಬಿಣ ಬೇಕು. ಅದನ್ನು ಸಿಗದ ಹಾಗೆ ಹಿಡಿದಿಡುವುದು ಮರದ ಕಾವಲಿನ ಒಂದು ಉಪಾಯ.

ವಿಚಿತ್ರವೆಂದರೆ ಇದರ ನಡತೆ. ಅದರ ಪ್ರತಿಕ್ರಿಯೆಗಳು ಬೆಂಜೀನ್ ಕುಲದವರಂತೆಯೇ. ಆದರೆ ಬೆಂಜೀನಿನ ಆರು ಕಾರ್ಬನ್ನಿನ ಉಂಗುರ ಅದರಲ್ಲಿ ಇಲ್ಲ. ಲೆಕ್ಕ ಹಾಕಿ ಹಾಕಿ ನೊಜೊಯೆ ಏಳು ಕಾರ್ಬನ್ನಿನ ಉಂಗುರಕ್ಕೆ ಬಂದು ನಿಂತ. ಅಂಥ ಉಂಗುರ ಬೆಂಜೀನಿನ ಹಾಗೆ ಸ್ಥಿರವಾಗಿರುತ್ತದೆಂದು ಆಗಿನ ಪುಸ್ತಕಗಳು ಹೇಳುತ್ತಿರಲಿಲ್ಲ. ಯುದ್ಧ ಶುರುವಾಯಿತು, ಹೊರಗಿನ ಪತ್ರಿಕೆಗಳು ಬರುವುದು ನಿಂತಿತು. 1945ರಲ್ಲಿ ಮೈಕೆಲ್ ಡ್ಯೂವರ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಬೂಷ್ಟಿನಿಂದ ಬಂದ ಒಂದು ಆಮ್ಲವನ್ನೂ ಕಾಲ್ಚಿಸೀನ್ ಎಂಬ ಔಷಧಿಯನ್ನೂ ವಿವರಿಸಲು ಏಳರ ಉಂಗುರವನ್ನೇ ಸೂಚಿಸಿ ಅದನ್ನು ಟ್ರೊಪೊಲೋನ್ ಎಂದು ಕರೆದ. ತೈಪೆಯಲ್ಲಿದ್ದ ನೊಜೊಯೆಗೆ ಇದರ ಸುದ್ದಿಯಿರಲಿಲ್ಲ, ಡ್ಯೂವರಿಗೆ ನೊಜೊಯೆಯ ಸುದ್ದಿಯಿರಲಿಲ್ಲ.

ಕಾಲ್ಚಿಸೀನ್ ನಮಗೆ ಅಪರಿಚಿತವಲ್ಲ. ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಕೆಂಪು ಹಳದಿ ಜ್ವಾಲೆಯಂಥ ಅಗ್ನಿಶಿಖೆಯ ಗೆಡ್ಡೆಯಲ್ಲೂ ಬೀಜದಲ್ಲೂ ಇರುವ ವಿಷ ಅದು, ಗೌಟ್ ರೋಗಕ್ಕೆ ಮದ್ದೂ ಹೌದು. ಅಲಿಶಾನಿನ ಸೈಪ್ರೆಸ್ಸಿಗೂ ಮಲೆನಾಡಿನ ಬೇಲಿಯ ಬಳ್ಳಿಗೂ ಸಸ್ಯಲೋಕದಲ್ಲಿ ಹತ್ತಿರದ ನೆಂಟಸ್ತಿಕೆಯಿಲ್ಲ. ಆದರೆ ಎರಡೂ ಅದೇ ಏಳರ ಉಂಗುರವನ್ನು ತಮ್ಮ ತಮ್ಮ ದಾರಿಯಲ್ಲಿ ಕಟ್ಟಲು ಕಲಿತಿವೆ.

ಯುದ್ಧ ಮುಗಿದು ತೈವಾನ್ ಚೀನಾದ ಆಡಳಿತಕ್ಕೆ ಹೋದಾಗ ಬಹುಪಾಲು ಜಪಾನೀಯರು ಊರಿಗೆ ಮರಳಿದರು. ನೊಜೊಯೆಯನ್ನು ಹೊಸ ಆಡಳಿತ ವಿಶ್ವವಿದ್ಯಾಲಯದಲ್ಲಿ ಉಳಿಯಲು ಕೇಳಿಕೊಂಡಿತು. ಅವನು 1948ರವರೆಗೆ ಇದ್ದು ತೈವಾನಿನ ಹುಡುಗರಿಗೆ ಪಾಠ ಹೇಳಿದ. ಅದೇ ವರ್ಷ ಸ್ವೀಡನ್ನಿನಲ್ಲಿ ಹೋಲ್ಗರ್ ಎರ್ಟ್‌ಮನ್ ಮತ್ತು ಅವರ ಜೊತೆಗಾರರು ಉತ್ತರ ಅಮೆರಿಕದ ವೆಸ್ಟರ್ನ್ ರೆಡ್ ಸೀಡರ್ ಎಂಬ ಥೂಜಾ ಜಾತಿಯ ಮರದಿಂದ ಥೂಜಾಪ್ಲಿಸಿನ್ ಎಂಬ ಮೂರು ಸೋದರ ವಸ್ತುಗಳನ್ನು ಬೇರ್ಪಡಿಸಿ, ಏಳರ ಉಂಗುರವನ್ನು ಕಂಡರು. ಮೂರರಲ್ಲಿ ಒಂದು ಹಿನೋಕಿಟಿಯಾಲೇ ಆಗಿತ್ತು. ಪೆಸಿಫಿಕ್ ಸಾಗರದ ಆಚೆ ದಡದ ಮೂಲನಿವಾಸಿಗಳು ದೋಣಿ, ಮನೆ, ಕುಲಸ್ತಂಭಗಳಿಗೆ ಆ ಮರವನ್ನು ಆರಿಸಿಕೊಂಡಿದ್ದರು. ಮರ ಕೊಳೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅಲ್ಲಿಯ ಕಾಗದದ ಗಿರಣಿಗಳಿಗೆ ಅದೇ ಗುಣ ತಲೆನೋವಾಯಿತು: ಲೋಹ ಹಿಡಿಯುವ ಈ ವಸ್ತು ಉಕ್ಕಿನ ಹಂಡೆಗಳನ್ನು ಸವೆಸುತ್ತಿತ್ತು.

1950ರಲ್ಲಿ ಲಂಡನ್ನಿನಲ್ಲಿ ಟ್ರೊಪೊಲೋನುಗಳ ಮೇಲೆಯೇ ವಿಚಾರಗೋಷ್ಠಿ ನಡೆದಾಗ ನೊಜೊಯೆಯ ಕೆಲಸ ಪಶ್ಚಿಮದವರ ಗಮನಕ್ಕೆ ಬಂತು, ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಅವನ ಲೇಖನ ಅಚ್ಚಾಯಿತು. ಬೆಂಜೀನ್ ಇಲ್ಲದೆಯೂ ಆರೊಮ್ಯಾಟಿಕ್ ವಸ್ತುಗಳಿರಬಹುದೆಂಬ ಅಧ್ಯಾಯ ಹೀಗೆ ಶುರುವಾಯಿತು. 1958ರಲ್ಲಿ ಜಪಾನ್ ಅವನಿಗೆ ಸಂಸ್ಕೃತಿ ಪದಕ ಕೊಟ್ಟು ಗೌರವಿಸಿತು. 1953ರಿಂದ ಅವನು ತಾನು ಭೇಟಿಯಾದ ರಸಾಯನಶಾಸ್ತ್ರಜ್ಞರಿಂದ ಪುಸ್ತಕದಲ್ಲಿ ಸಹಿ, ಸೂತ್ರ, ಚಿತ್ರ, ಪದ್ಯ ಬರೆಸಿಕೊಳ್ಳುತ್ತ ಬಂದ. 1996ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವು ಒಂದು ಸಾವಿರಕ್ಕೂ ಹೆಚ್ಚು ಪುಟಗಳಾಗಿದ್ದವು. ಹೊರಜಗತ್ತಿನ ಒಂದು ಕಾಗದವೂ ಬಾರದ ದ್ವೀಪದಲ್ಲಿ ವರ್ಷಗಟ್ಟಲೆ ದುಡಿದವನಿಗೆ ಆ ಸಹಿಗಳ ಬೆಲೆ ಏನೆಂದು ಊಹಿಸಬಲ್ಲೆ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 2017ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಟಿನ್ ಬರ್ಕ್ ತಂಡದವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಕಬ್ಬಿಣ ಸಾಗಿಸುವ ಪ್ರೋಟೀನ್ ಇಲ್ಲದ ಪ್ರಾಣಿಗಳಿಗೆ ಹಿನೋಕಿಟಿಯಾಲ್ ಕೊಟ್ಟಾಗ ಅದು ಕಬ್ಬಿಣವನ್ನು ಹಿಡಿದು ಕೋಶದ ಪೊರೆಯಾಚೆ ದಾಟಿಸಿತು, ಹಿಮೋಗ್ಲೋಬಿನ್ ತಯಾರಾಗಲು ನೆರವಾಯಿತು. ಇದು ಇನ್ನೂ ಪ್ರಯೋಗಶಾಲೆಯ ಮಾತು. ರಕ್ತಹೀನತೆಗೆ ಸೈಪ್ರೆಸ್ ಎಣ್ಣೆ ಕುಡಿಯಿರಿ ಎಂದು ಯಾರಾದರೂ ಹೇಳಿದರೆ ಖಂಡಿತ ನಂಬಬಾರದು. ಆದರೆ ನೊಜೊಯೆ ಕಂಡ ಕೆಂಪು ಹರಳು ಎಂಬತ್ತು ವರ್ಷದ ಮೇಲೆ ವೈದ್ಯವಿಜ್ಞಾನಕ್ಕೆ ಹೊಸ ದಾರಿ ತೋರಿಸಿತೆಂಬುದು ನನಗೆ ಸಂತೋಷದ ವಿಷಯ.

ಜಿಯಾಯಿಗೆ ಇಳಿದು ಬಂದಮೇಲೆ ಅದೇ ಬೀದಿಯಲ್ಲಿ ಎಣ್ಣೆಯ ಸೀಸೆಗಳನ್ನು ನೋಡಿದೆ. ‘ಕಾಡಿನ ಸ್ನಾನ’ದ ಫಲ ಮನೆಯಲ್ಲೇ ಸಿಗುತ್ತದೆಂಬ ಭರವಸೆಗಳು ಅವುಗಳ ಮೇಲಿದ್ದವು. ಕಾಡಿನಲ್ಲಿ ಸುಮ್ಮನೆ ನಡೆದು ಆರೋಗ್ಯ ಪಡೆಯಿರಿ ಎಂಬ ಪ್ರಚಾರವನ್ನು ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಶುರುಮಾಡಿತು. 2009ರಲ್ಲಿ ಚಿಂಗ್ ಲೀ ಎಂಬ ವೈದ್ಯವಿಜ್ಞಾನಿಯ ತಂಡ 12 ಮಂದಿ ಗಂಡಸರನ್ನು ಹೋಟೆಲಿನ ಕೋಣೆಯಲ್ಲಿ ಮೂರು ರಾತ್ರಿ ಮಲಗಿಸಿ ಹಿನೋಕಿ ಎಣ್ಣೆಯನ್ನು ಗಾಳಿಗೆ ಬಿಟ್ಟು, ಅವರ ರಕ್ತದಲ್ಲಿ ರೋಗನಿರೋಧಕ ಕೋಶಗಳ ಚಟುವಟಿಕೆ ಹೆಚ್ಚಿತೆಂದು ವರದಿ ಮಾಡಿತು. ಹನ್ನೆರಡು ಜನರ ಮೇಲಿನ ಪ್ರಯೋಗ ಒಂದು ಪ್ರಶ್ನೆಯನ್ನು ಹುಟ್ಟಿಸಬಹುದು, ಅಂಗಡಿಯ ಚೀಟಿಯ ಮೇಲೆ ಅಚ್ಚು ಹಾಕಿಸುವಷ್ಟು ಉತ್ತರವನ್ನು ಕೊಡಲಾರದು. ಅದೂ ಅಲ್ಲದೆ, ನೈಸರ್ಗಿಕವಾದದ್ದೆಲ್ಲ ಒಳ್ಳೆಯದೆಂಬ ನಂಬಿಕೆಯನ್ನು ಈ ಕುಟುಂಬವೇ ಸುಳ್ಳು ಮಾಡುತ್ತದೆ. ಥೂಜಾ ಎಲೆಯ ಎಣ್ಣೆಯಲ್ಲಿರುವ ಥೂಜೋನ್ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ರೆಡ್ ಸೀಡರ್ ಕೊಯ್ಯುವ ಸಾಮಿಲ್ಲಿನವರಿಗೆ ಅದರ ಪುಡಿಯಲ್ಲಿನ ಪ್ಲಿಕ್ಯಾಟಿಕ್ ಆಮ್ಲದಿಂದ ಉಬ್ಬಸ ಬರಬಹುದು.

ಇನ್ನೊಂದು ಮಾತು ಸೀಸೆಯ ಮೇಲೆ ಬರೆದಿರುವುದಿಲ್ಲ. ಜಪಾನಿನ ಹಿನೋಕಿಯಲ್ಲಿ ಹಿನೋಕಿಟಿಯಾಲ್ ಇರುವುದು ತೀರ ಅಲ್ಪ. ಹೇರಳವಾಗಿರುವುದು ತೈವಾನಿನ ಮರದಲ್ಲಿ, ಜಪಾನಿನ ಉತ್ತರದ ಅವೊಮೊರಿಯ ಹಿಬಾ ಎಂಬ ಮರದಲ್ಲಿ, ಮತ್ತೆ ಆ ರೆಡ್ ಸೀಡರಿನಲ್ಲಿ. ಟೂತ್‌ಪೇಸ್ಟಿಗೂ ತಲೆಗೂದಲಿನ ಟಾನಿಕ್ಕಿಗೂ ಬೇಕಾದ ಹಿನೋಕಿಟಿಯಾಲನ್ನು ಇಂದು ಕಾರ್ಖಾನೆಯಲ್ಲಿ ಮರವಿಲ್ಲದೆಯೇ ತಯಾರಿಸಬಹುದು. ಹಾಗಿದ್ದರೂ ತೈವಾನಿನ ಬೆಟ್ಟಗಳಲ್ಲಿ ಕಳ್ಳಗೊಡಲಿ ನಿಂತಿಲ್ಲ. ಮರದ ಗಂಟುಗಳಿಗೆ, ಎಣ್ಣೆ ತುಂಬಿದ ಬೇರುಗಳಿಗೆ ಒಳ್ಳೆಯ ಬೆಲೆಯಿದೆ. ರಾತ್ರಿ ಕಾಡಿಗೆ ನುಗ್ಗಿ ಅವನ್ನು ಕೊಯ್ದು ಹೊತ್ತೊಯ್ಯುವವರನ್ನು ಅಲ್ಲಿಯ ಜನ ‘ಬೆಟ್ಟದ ಇಲಿಗಳು’ ಎನ್ನುತ್ತಾರೆ.

ಈ ಮಾತು ಕೇಳುವಾಗ ನನಗೆ ಊರಿನ ನೆನಪಾಗದೆ ಇರಲಿಲ್ಲ. ಜಪಾನಿನ ಕಿಸೊ ಕಣಿವೆಯಲ್ಲಿ ಹಳೆಯ ಕಾಲದಲ್ಲಿ ಹಿನೋಕಿ ಕಡಿದವನ ತಲೆ ತೆಗೆಯುತ್ತಿದ್ದರಂತೆ. ನಮ್ಮಲ್ಲಿ ಟಿಪ್ಪು 1792ರಲ್ಲಿ ಗಂಧವನ್ನು ರಾಜಮರವೆಂದು ಸಾರಿದ. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡು ಇಲ್ಲೇ ಉಳಿದಾಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೊ, ವಾಟ್ಸನ್ ಭಟ್ಟಿ ಇಳಿಸುವ ಕ್ರಮ ಹುಡುಕಿದರು, 1916ರಲ್ಲಿ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಹುಟ್ಟಿತು. ಅಲ್ಲಿ ನೊಜೊಯೆ, ಇಲ್ಲಿ ಇವರು. ವಿಜ್ಞಾನಕ್ಕೆ ಎರಡು ಕಡೆಯೂ ಒಳ್ಳೆಯ ತಲೆಗಳು ಸಿಕ್ಕಿದವು, ಮರಕ್ಕೆ ಮಾತ್ರ ಎರಡು ಕಡೆಯೂ ನ್ಯಾಯ ಸಿಗಲಿಲ್ಲ. ಸ್ವಂತ ಜಮೀನಿನ ಗಂಧಕ್ಕೆ ರೈತನೇ ಒಡೆಯನೆಂದು ಕರ್ನಾಟಕ ಕಾನೂನು ತಿದ್ದಿದ್ದು 2001ರಲ್ಲಿ. ಅಷ್ಟರಲ್ಲಿ ನಮ್ಮ ಕಾಡುಗಳ ದಪ್ಪ ಚೇಗಿನ ಗಂಧ ಬಹುಪಾಲು ಹೋಗಿಯಾಗಿತ್ತು. ನಮ್ಮಲ್ಲಿ ಕಡಿದ ಗಂಧಕ್ಕೆ ಬೊಡ್ಡೆಯೂ ಉಳಿಯಲಿಲ್ಲ. ಬೇರಿನಲ್ಲೂ ಎಣ್ಣೆಯಿದೆಯೆಂದು ಬುಡಸಮೇತ ಅಗೆದು ತೆಗೆದೆವು.

ಈಗ ಬೆಂಗಳೂರಿನ ಮಾಲುಗಳಲ್ಲೂ ಆನ್‌ಲೈನಿನಲ್ಲೂ ಹಿನೋಕಿ, ಸೈಪ್ರೆಸ್, ಜೂನಿಪರ್, ಸೀಡರ್‌ವುಡ್ ಎಣ್ಣೆಗಳು ಧಾರಾಳವಾಗಿ ಸಿಗುತ್ತವೆ. ಕೊಳ್ಳಬೇಡಿ ಎನ್ನುವುದಿಲ್ಲ, ಒಳ್ಳೆಯ ಪರಿಮಳಕ್ಕೆ ಮನಸ್ಸು ಸೋಲುವುದು ಸಹಜ. ಆದರೆ ಕೊಳ್ಳುವ ಮೊದಲು ಮಾರುವವರನ್ನು ಇಷ್ಟು ಕೇಳಿ: ಮರದ ಸಸ್ಯಶಾಸ್ತ್ರೀಯ ಹೆಸರೇನು, ಎಣ್ಣೆ ಎಲೆಯದೋ ಚೇಗಿನದೋ, ಮರ ಬೆಳೆದದ್ದು ಯಾವ ನಾಡಿನಲ್ಲಿ, ನೆಟ್ಟ ತೋಪಿನಲ್ಲೋ ಹಳೆಯ ಕಾಡಿನಲ್ಲೋ. ಎಲೆ ಸವರಿದರೆ ಮತ್ತೆ ಚಿಗುರುತ್ತದೆ, ಸಾಮಿಲ್ಲಿನ ಪುಡಿಯಿಂದ ಇಳಿಸಿದ ಎಣ್ಣೆಗೆ ಹೊಸ ಮರ ಕಡಿಯಬೇಕಿಲ್ಲ. ಹಳೆಯ ಕಾಡಿನ ಚೇಗಿನ ಎಣ್ಣೆಗೆ ಮಾತ್ರ ನೂರಾರು ವರ್ಷದ ಜೀವವೊಂದು ಹೋಗಿರುತ್ತದೆ. ಉತ್ತರ ಸಿಗದಿದ್ದರೆ ಆ ಸೀಸೆಯನ್ನು ಕೊಳ್ಳಬೇಡಿ.